ಸ್ವಖುಷಿಯಿಂದ ಬರೆದುಕೊಟ್ಟ ಕರಾರು

ಮೂವತ್ತೊಂದು ವರ್ಷದಿಂದ ರಟ್ಟೀಹಳ್ಳಿಯಲ್ಲಿ ಕೂತು ಮಂದಿಯ ಪತ್ರ ಬರೆದುಕೊಟ್ಟು ಹೊಟ್ಟೆ ಹೊರೆದವನು ನಾನು. ಪ್ರೇಮಪತ್ರ ಎಂದುಕೊಳ್ಳಬೇಡಿ. ಖರೀದಿ ಪತ್ರ, ವಾಟ್ನಿ ಪತ್ರ, ಬಕ್ಷೀಸು ಪತ್ರ, ಮೃತ್ಯುಪತ್ರ, ಲಾವಣಿ ಕರಾರು, ಬಾಡಿಗೆ ಕರಾರು. ಪತ್ರ ಯಾವುದೇ ಇರಲಿ, ಕೊನೆಗೆ ಒಂದು ಸಾಲು ಬಂದೇ ಬರುತ್ತದೆ: ಸದರಿ ಪತ್ರವನ್ನು ಓದಿಸಿ ಕೇಳಿ, ತಿಳಿದುಕೊಂಡು, ಯಾರ ಒತ್ತಾಯವೂ ಇಲ್ಲದೆ, ಬುದ್ಧಿ ಸ್ವಾಧೀನದಲ್ಲಿದ್ದು ಸ್ವಖುಷಿಯಿಂದ ಬರೆದುಕೊಟ್ಟಿದ್ದು ಸರಿ. ಬರೆದಾದ ಮೇಲೆ ಮೊದಲಿನಿಂದ ಕೊನೆತನಕ ಗಟ್ಟಿಯಾಗಿ ಓದುತ್ತೇನೆ. ಕೆಲವು ಅಜ್ಜಂದಿರಿಗೆ ಇದು ಹಿಡಿಸುವುದಿಲ್ಲ. "ನೀ ಬರದಿ ಅಂದ್ರ ಮುಗೀತಲ್ಲೋ, ಓದೂದೇನ್ ಅದನ್ನ, ಇಂಕ್ ಎಲ್ಲೈತಿ ತಾ" ಎಂದು ಹೆಬ್ಬೆಟ್ಟು ಎತ್ತಿಕೊಂಡೇ ಕೂತಿರುತ್ತಾರೆ. ಅಂಥವರನ್ನು ಗದರುತ್ತೇನೆ. "ಯಜಮಾನ್ರ, ಓದದ ಒತ್ತಿದ ಹೆಬ್ಬಟ್ಟು ಆಮ್ಯಾಲ ತಿರುಗಿ ಕೈಗೆ ಬರಂಗಿಲ್ಲ" ಅನ್ನುವುದು ಊರಿಗೆಲ್ಲ ಗೊತ್ತಿರುವ ನನ್ನ ಮಾತು.

ಇಷ್ಟು ಹೇಳಿಕೊಂಡ ಮೇಲೆ ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ಹೋದ ಶ್ರಾವಣದ ಒಂದು ಸಂಜೆ ಇಬ್ಬರು ಹುಡುಗರು ಬೈಕಿನ ಮೇಲೆ ಬಂದರು. ಹಿಂದಿನವನ ಹೆಗಲ ಮೇಲೆ ಏಣಿ, ಮುಂದಿನವನ ಬಾಯಿಯ ಮೇಲೆ ನಗು. ಮನೆಗೆ ಫೈಬರ್ ಇಂಟರ್‌ನೆಟ್ಟು, ತಿಂಗಳಿಗೆ 499, ಆರು ತಿಂಗಳದ್ದು ಒಮ್ಮೆಲೇ ಕಟ್ಟಿದರೆ ರೌಟರ್ ಪುಕ್ಕಟೆ, ಜೋಡಣೆಯ ಖರ್ಚು ಮನ್ನಾ. ನಮ್ಮಾಕಿ ಒಳಗಿನಿಂದ ಚಹಾ ತಂದಳು. ಚಹಾ ಮುಗಿಯುವುದರೊಳಗೆ ಏಣಿ ಕಂಬಕ್ಕೆ ಒರಗಿತ್ತು. ನಗುವ ಹುಡುಗ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು "ಇಲ್ಲೊಂದ್ ಸಹಿ ಎಳೀರಿ ಕಾಕಾ" ಅಂದ. ಪೆನ್ನು ತೆಗೆದೆ. "ಪೆನ್ ಬ್ಯಾಡ್ರಿ, ಬಟ್ಟಿಲೆ ಎಳೀರಿ." ಎಳೆದೆ. ಗಾಜಿನ ಮೇಲೆ ಬೆರಳು ಜಾರಿ ಅದು ಕೋಳಿ ಕೆದರಿದ ತಿಪ್ಪೆಯ ಹಾಗೆ ಕಂಡಿತು. ಸಹಿಯ ಮೇಲೆ ಒಂದು ಸಣ್ಣ ಚೌಕ, ಅದರೊಳಗೆ ಸರಿ ಗುರುತು ಮೊದಲೇ ಬಿದ್ದಿತ್ತು. ಅದರ ಪಕ್ಕ ಇರುವೆ ಸಾಲಿನಂಥ ಇಂಗ್ಲಿಷು. ಕನ್ನಡಕ ಒಳಗಿತ್ತು. ಎದ್ದು ಹೋಗಿ ತರುವುದು ಒಂದು ನಿಮಿಷದ ಕೆಲಸ. ಹೋಗಲಿಲ್ಲ. ಬುದ್ಧಿ ಸ್ವಾಧೀನದಲ್ಲಿ ಇತ್ತೋ ಇಲ್ಲವೋ, ಸ್ವಖುಷಿಯಂತೂ ಇತ್ತು.

ಖುಷಿಗೆ ಕಾರಣವೂ ಇತ್ತೆನ್ನಿ. ನಮ್ಮ ಕಸುಬು ಈಗ ಪೆನ್ನಿನಲ್ಲಿ ನಡೆಯುವುದಿಲ್ಲ. ತೆಲಗಿಯ ಹಗರಣದ ಮೇಲೆ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪು ಬಂತು. ಉತಾರ ಬೇಕಾದರೆ ತಲಾಠಿಯ ದಫ್ತರದ ಬದಲು ಕಂಪ್ಯೂಟರು ನೋಡಬೇಕು. 2023ರಿಂದ ನೋಂದಣಿಗೆ ಕಾವೇರಿ 2.0. ಪತ್ರವನ್ನು ಮೊದಲು ಇಲ್ಲಿಂದಲೇ ಏರಿಸಬೇಕು, ಪಕ್ಷಗಾರರ ಮೊಬೈಲಿಗೆ ಓಟಿಪಿ ಬರಬೇಕು, ದಿನ ಗೊತ್ತು ಮಾಡಿಕೊಂಡು ಆಮೇಲೆ ಕಚೇರಿಗೆ ಹೋಗಬೇಕು. ನೆಟ್ಟು ಇಲ್ಲದ ಪತ್ರ ಬರಹಗಾರ ಅಂದರೆ ಕತ್ತಿ ಇಲ್ಲದ ಕ್ಷೌರಿಕ. ಅದೂ ಅಲ್ಲದೆ ಮಗಳು ಪುಣೆಯಲ್ಲಿದ್ದಾಳೆ. ಮೊಮ್ಮಗನ ಮುಖ ನೋಡದಿದ್ದರೆ ನಮ್ಮವ್ವನಿಗೆ ಊಟ ಇಳಿಯುವುದಿಲ್ಲ.

ನಮ್ಮೂರಿಗೆ ಇಂಥದ್ದೆಲ್ಲ ಯಾವಾಗಲೂ ಸ್ವಲ್ಪ ತಡವಾಗಿಯೇ ಬಂದಿದೆ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಿಟ್ಟಿತಂತೆ. ಆ ದಿನ ನಾವು ಸಾಲಿಯ ಅಂಗಳದಲ್ಲಿ ಝಂಡಾ ಏರಿಸಿ ಬೂಂದಿ ತಿಂದು ಮನೆಗೆ ಬಂದೆವು; ನಮಗೆ ಎರಡನೆಯದೊಂದು ಸ್ವಾತಂತ್ರ್ಯ ಸಿಕ್ಕ ಸುದ್ದಿ ಯಾರೂ ಹೇಳಲಿಲ್ಲ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಸಾಕು, ಬ್ರಾಡ್ ಅನ್ನಿಸಿಕೊಳ್ಳುತ್ತಿತ್ತು. ಸರಕಾರ ಆ ಅಳತೆಯನ್ನು ಆಮೇಲೆ 512ಕ್ಕೆ ಏರಿಸಿ, 2023ರಲ್ಲಿ 2 ಮೆಗಾಬಿಟ್ ಮಾಡಿದೆ. ಈ 2ರ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ನನಗೆ ಮಾರಿದ್ದು 50. ಮೊದಲ ವಾರ ಚೆನ್ನಾಗಿಯೇ ಇತ್ತು. ಹೊಸ ಸೊಸೆಯ ಹಾಗೆ ಕರೆದರೆ ಓ ಅನ್ನುತ್ತಿತ್ತು. ಎರಡನೇ ವಾರದಿಂದ ಸಂಜೆ ಏಳಾದರೆ ಸಾಕು, ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಮೊಮ್ಮಗ ಬಾಯಿ ತೆರೆದವನು ತೆರೆದಂತೆಯೇ ಕಲ್ಲಾಗುತ್ತಿದ್ದ. ನಮ್ಮವ್ವ ಗಾಬರಿಯಾಗಿ "ಕೂಸಿಗೆ ಏನ್ ಆತೋ, ದೃಷ್ಟಿ ತಗೀರ್ಲೆ" ಎಂದು ಮೊಬೈಲಿಗೇ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಬ್ಯಾಡಗಿ ಮೆಣಸಿನಕಾಯಿ. ಒಲೆಗೆ ಹಾಕಿದಾಗ ಮನೆ ಮಂದಿಯೆಲ್ಲ ಕೆಮ್ಮಿದೆವು, ಚಕ್ರ ಮಾತ್ರ ತಿರುಗುತ್ತಲೇ ಇತ್ತು.

ವೇಗ ಅಳೆಯುವ ಆಪ್ ಹಾಕಿ ನೋಡಿದೆ. 2.1. ಸರಕಾರದ ಲೆಕ್ಕದಲ್ಲಿ ನಾನು ಇನ್ನೂ ಬ್ರಾಡ್‌ಬ್ಯಾಂಡಿನ ಒಡೆಯನೇ! ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದರೆ 47. ಆ ಹೊತ್ತಿಗೆ ಪತ್ರ ಬರೆಸಲು ಬರುವವರು ಯಾರು? ಕೇಳಿದಾಗ ಏಣಿ ಹುಡುಗ ತಿಳಿಸಿ ಹೇಳಿದ: ಮುಖ್ಯ ಎಳೆ ಒಂದೇ, ನಡುವೆ ಒಂದು ಡಬ್ಬಿಯಲ್ಲಿ ಅದು ಮೂವತ್ತೆರಡು, ಕೆಲವು ಕಡೆ ಅರವತ್ತನಾಲ್ಕು ಮನೆಗಳಿಗೆ ಕವಲೊಡೆಯುತ್ತದೆ. ಇಡೀ ಓಣಿ ಕೂಡಿಯೇ ಕ್ರಿಕೆಟ್ ನೋಡಲು ಕೂತರೆ ಹಿಂಗೇ. ಅಂದರೆ ಇದು ಕಾಲುವೆ ನೀರಿನ ಪಾಳಿಯ ಹಾಗೆ. ಮೇಲಿನ ಹೊಲದವನು ಮಡೆ ಒಡೆದರೆ ಕೆಳಗಿನವನಿಗೆ ಕೆಸರು. ಅದನ್ನು ಮೊದಲೇ ಹೇಳಿದ್ದರೆ ನಾನೂ ರಾತ್ರಿ ಸನಿಕೆ ಹಿಡಿದು ಕಾಯುತ್ತಿದ್ದೆ.

ದೂರು ಕೊಟ್ಟೆ. ಆ ಕಡೆಯ ಹೆಣ್ಣುಮಗಳು ಬೆಂಗಳೂರಿನ ನಯವಾದ ಕನ್ನಡದಲ್ಲಿ "ಸರ್, ನಿಮ್ಮ ಪ್ಲಾನ್‌ನಲ್ಲಿ 50 ವರೆಗೆ ಅಂತ ಇದೆ" ಅಂದಳು. ಆ ಒಂದು ಶಬ್ದ ನನ್ನ ಕಸುಬಿನವನಿಗೆ ಮೈಯೆಲ್ಲ ಉರಿಸುವಂಥದ್ದು. ವರೆಗೆ! ಖರೀದಿ ಪತ್ರದಲ್ಲಿ ನಾನು "ನಾಲ್ಕು ಎಕರೆವರೆಗೆ ಜಮೀನು ಕೊಟ್ಟಿದ್ದು" ಎಂದು ಬರೆದರೆ ಸಬ್ ರಜಿಸ್ಟ್ರಾರ್ ಸಾಹೇಬರು ಪತ್ರವನ್ನೂ ನನ್ನನ್ನೂ ಕೂಡಿಯೇ ಹೊರಗೆ ಹಾಕುತ್ತಾರೆ. ಎಕರೆ, ಗುಂಟೆ, ಆಣೆ ಬರೆಯಬೇಕು, ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಯಬೇಕು. ಮತ್ತೊಂದು ಗುಟ್ಟು ಅದೇ ದಿನ ತಿಳಿಯಿತು. ಅವರ 50 ಅನ್ನುವುದು ಮೆಗಾಬಿಟ್ಟು, ನಾವು ಫೈಲಿನ ತೂಕ ನೋಡುವುದು ಮೆಗಾಬೈಟಿನಲ್ಲಿ. ಎಂಟು ಬಿಟ್ಟಿಗೆ ಒಂದು ಬೈಟು. ಹಾಗಾಗಿ ದೇವರೇ ಮುಂದೆ ನಿಂತು ಪೂರಾ 50 ಕೊಡಿಸಿದರೂ ಕೈಗೆ ಬರುವುದು ಸೆಕೆಂಡಿಗೆ ಆರೂಕಾಲು. ಸೇರಿನಲ್ಲಿ ಮಾರಿ ಚಟಾಕಿನಲ್ಲಿ ಅಳೆಯುವ ವ್ಯಾಪಾರ ನಮ್ಮ ಸಂತೆಗಳಲ್ಲಿ ಯಾವತ್ತೋ ನಿಂತುಹೋಗಿತ್ತು.

ನನ್ನ ಇಂಟರ್‌ನೆಟ್ಟಿಗೆ ನಾನೇ ಒಂದು ಚಕ್ಕುಬಂದಿ ಬರೆದಿಟ್ಟಿದ್ದೇನೆ. ಪೂರ್ವಕ್ಕೆ: ಬಾಯಿ ತೆರೆದ ಟ್ರಾನ್ಸ್‌ಫಾರ್ಮರು. ಪಶ್ಚಿಮಕ್ಕೆ: ಸೊಪ್ಪೆ ಹೇರಿಕೊಂಡು ಬರುವ ಟ್ರ್ಯಾಕ್ಟರು. ಉತ್ತರಕ್ಕೆ: ಮಂಗ್ಯಾಗಳು. ದಕ್ಷಿಣಕ್ಕೆ: ಕಸ್ಟಮರ್ ಕೇರು. ಇವುಗಳ ಪೈಕಿ ಮಂಗ್ಯಾಗಳು ಎಷ್ಟೋ ವಾಸಿ, ಒಂದು ಸಲ ಕಡಿದು ರುಚಿ ಹತ್ತದಿದ್ದರೆ ಬಿಟ್ಟುಹೋಗುತ್ತವೆ. ಟ್ರ್ಯಾಕ್ಟರಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಗೋವಿನಜೋಳ ಕಿತ್ತ ಮೇಲೆ ಮೇವು ಮನೆಗೆ ಬರಲೇಬೇಕು, ಮೇವು ಹೇರಿದ ಟ್ರೇಲರ್ ಎರಡು ಆಳೆತ್ತರ ಇರಲೇಬೇಕು, ಕೇಬಲ್ಲು ಒಂದೂವರೆ ಆಳೆತ್ತರಕ್ಕೆ ಜೋತುಬಿದ್ದಿರಲೇಬೇಕು. ಮೂರೂ ತಮ್ಮ ತಮ್ಮ ಧರ್ಮದಲ್ಲಿ ನಡೆದರೆ ಮಧ್ಯೆ ಕಡಿಯುವುದು ನನ್ನ ಎಳೆ.

ದೀಪಾವಳಿಗೆ ಆದದ್ದೇ ಬೇರೆ. ಹಾವೇರಿ ಜಿಲ್ಲೆಯವರಿಗೆ ಹೋರಿ ಹಬ್ಬ ಅಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬೆನ್ನಿಗೆ ಝೂಲ, ಮೇಲೆ ಬಲೂನು ಕಟ್ಟಿದ ಅಲಂಕಾರ. ಆ ಎತ್ತರದಲ್ಲಿ ಹೋರಿ ಬಂದರೆ ದಾರಿ ಬಿಡದೆ ನಿಲ್ಲುವವನು ಯಾರು? ನಿಂತಿತ್ತು, ನನ್ನ ಕೇಬಲ್ಲು. ಹೋರಿ ನಮ್ಮ ಮನೆಯ ಮುಂದೆ ಹಾದಾಗ ಒಂದು ಸಲ ಕತ್ತು ಕೊಡವಿತು ಅಷ್ಟೇ. ಬಲೂನುಗಳ ಜೊತೆ ಐದಾರು ಮಾರು ಫೈಬರನ್ನೂ ಬಾಲದಂತೆ ಎಳೆದುಕೊಂಡು ಅಖಾಡದ ಕಡೆಗೆ ಹೋಯಿತು. ಕೊಬ್ಬರಿ ಹರಿಯಲು ನಿಂತ ಹುಡುಗರಿಗೆ ಆ ವರ್ಷ ಇಂಟರ್‌ನೆಟ್ಟೂ ಸಿಕ್ಕಿರಬೇಕು. ಪುಣೆಯಲ್ಲಿ ಹೋರಿ ಹಬ್ಬವನ್ನು ಮೊಬೈಲಿನಲ್ಲಿ ನೋಡಲು ಕೂತಿದ್ದ ಮಗಳಿಗೆ ಕೊನೆಗೆ ಕಂಡದ್ದು ಒಂದು ಕೋಡು, ಒಂದು ಕೆಂಪು ಬಲೂನು, ಆಮೇಲೆ ಚಕ್ರ.

ರೌಟರಿನ ಪಕ್ಕದ ಡಬ್ಬಿಯಲ್ಲಿ ಕೆಂಪು ದೀಪ ಹೊತ್ತಿತು. ಬೆಳಕು ಬರುತ್ತಿಲ್ಲ ಅನ್ನುವುದಕ್ಕೆ ಅದು ಗುರುತು. ಬೆಳಕಿಲ್ಲ ಎಂದು ಹೇಳಲು ದೀಪ ಹಚ್ಚಿಡುವ ಈ ಬುದ್ಧಿವಂತಿಕೆಯನ್ನು ನಾನು ಒಂಬತ್ತು ದಿನ ಕೂತು ನೋಡಿದೆ.

ಒಂಬತ್ತನೇ ದಿನ ಏಣಿ ಹುಡುಗ ಬಂದ. ಜಿಟಿಜಿಟಿ ಮಳೆ. ನಾನು ಕೊಡೆ ಹಿಡಿದೆ, ಅವನು ಕಟ್ಟೆಯ ಮೇಲೆ ಕೂತು ಎಳೆ ಜೋಡಿಸಿದ. ಆಗ ಮಾತ್ರ ನನ್ನ ಸಿಟ್ಟು ಅರ್ಧ ಗಳಿಗೆ ಇಳಿದಿತ್ತು ಎಂದು ಒಪ್ಪಿಕೊಳ್ಳಬೇಕು. ಕಪ್ಪು ಸಿಪ್ಪೆ ಸುಲಿದ, ಅದರೊಳಗಿನ ಬಣ್ಣದ ಪೊರೆ ಉಜ್ಜಿ ತೆಗೆದ, ಸ್ಪಿರಿಟ್ಟಿನಲ್ಲಿ ಒರೆಸಿದ. ಉಳಿದದ್ದು ಗಾಜಿನ ಕೂದಲು. ಅದರ ದಪ್ಪ 125 ಮೈಕ್ರಾನು, ಅಂದರೆ ಮಿಲಿಮೀಟರಿನ ಎಂಟನೇ ಒಂದು ಪಾಲು. ಬೆಳಕು ಓಡುವ ನಡುದಾರಿ ಬರೀ 9 ಮೈಕ್ರಾನು. ಅಂಥ ಎರಡು ತುದಿಗಳನ್ನು ಒಂದು ಪೆಟ್ಟಿಗೆಯಲ್ಲಿ ಎದುರುಬದುರು ಮಲಗಿಸಿ ಗುಂಡಿ ಒತ್ತಿದ. ಸಣ್ಣ ಕಿಡಿ. ಗಾಜು ಕರಗಿ ಒಂದಾಯಿತು. ನಮ್ಮವ್ವ ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುವ ಹಾಗೆ ಅವನೂ ಹಿಡಿದಿದ್ದ. ಗಾಜಿನ ಎಳೆಯಲ್ಲಿ ದೂರದೂರಕ್ಕೆ ಮಾತು ಕಳಿಸಬಹುದು, ಗಾಜು ಶುದ್ಧವಾಗಿದ್ದರೆ ಸಾಕು ಎಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿಗೆ 2009ರಲ್ಲಿ ನೊಬೆಲ್ ಕೊಟ್ಟರು. ನಲವತ್ತಮೂರು ವರ್ಷ ಕಾದರಲ್ಲ, ಅವರದೂ ನನ್ನಂಥದೇ ದೂರು ಇದ್ದಿರಬೇಕು. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ರಟ್ಟೀಹಳ್ಳಿಯಿಂದ ಬೆಂಗಳೂರು ಮುನ್ನೂರು ಚಿಲ್ಲರೆ ಕಿಲೋಮೀಟರು, ರೆಪ್ಪೆ ಬಡಿಯುವುದರೊಳಗೆ ಹತ್ತಾರು ಸಲ ಹೋಗಿಬಂದೀತು. ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ಏಣಿ ಬರಲು ಮಾತ್ರ ಒಂಬತ್ತು ದಿನ.

ಆ ಒಂಬತ್ತು ದಿನದಲ್ಲಿ ನಾನು ಕಸ್ಟಮರ್ ಕೇರಿನ ಜೊತೆ ನಡೆಸಿದ ಮಾತುಕತೆಯನ್ನು ಪೂರ್ತಿ ಬರೆದರೆ ಅದೇ ಒಂದು ಮೃತ್ಯುಪತ್ರವಾಗುತ್ತದೆ. ಒಂದು ತುಣುಕು ಸಾಕು.

"ಸರ್, ರೌಟರ್ ಆಫ್ ಮಾಡಿ ಆನ್ ಮಾಡಿದ್ರಾ?"

"ತಂಗಿ, ಕೇಬಲ್ಲನ್ನ ಹೋರಿ ಒಯ್ದೈತಿ."

"ಓಕೆ ಸರ್. ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ."

"ಹೋರಿನೋ ರೌಟರೋ?"

"ಸರ್, ನಿಮ್ಮ ಲ್ಯಾಂಡ್‌ಮಾರ್ಕ್ ಹೇಳಿ."

"ಕದಂಬೇಶ್ವರ ಗುಡಿ."

"ಅದು ಹೊಸದಾಗಿ ಆಗಿರೋದಾ ಸರ್? ಮ್ಯಾಪಲ್ಲಿ ತೋರಿಸ್ತಿಲ್ಲ."

ಕಲ್ಯಾಣದ ಚಾಲುಕ್ಯರ ಕಾಲದ ಗುಡಿ ತಾಯಿ, ಎಂದು ಹೇಳಲು ಬಾಯಿ ತೆರೆಯುವುದರೊಳಗೆ ಕರೆ ಕಟ್ಟಾಯಿತು. ಐದು ನಿಮಿಷಕ್ಕೆ ಸಂದೇಶ ಬಂತು: ಆತ್ಮೀಯ ಗ್ರಾಹಕರೇ, ನಿಮ್ಮ ದೂರು ಬಗೆಹರಿದಿದೆ. ಕೆಂಪು ದೀಪದ ಬೆಳಕಿನಲ್ಲೇ ಅದನ್ನು ಓದಿದೆ.

ಆ ರಾತ್ರಿಯೇ ತೀರ್ಮಾನ ಮಾಡಿದ್ದೆ, ಬಿಟ್ಟುಬಿಡುವುದು. ಹೊಲ ಲಾವಣಿ ಹಾಕಿಕೊಂಡವನಿಗೆ ನೀರು ಬರದಿದ್ದರೆ ಮುಂದಿನ ಯುಗಾದಿಗೆ ಹೊಲ ಬಿಡುತ್ತಾನೆ, ಅದರಲ್ಲೇನಿದೆ? ಇದೆ ಅಂತ ಆಮೇಲೆ ತಿಳಿಯಿತು. ಬಿಡುವ ಅರ್ಜಿಯನ್ನು ಆಪಿನಲ್ಲೇ ಕೊಡಬೇಕು. ಆಪು ತೆರೆದರೆ "ನಿಮ್ಮ ಇಂಟರ್‌ನೆಟ್ ಸಂಪರ್ಕ ಪರಿಶೀಲಿಸಿ" ಅನ್ನುತ್ತದೆ. ಅದು ಇಲ್ಲ ಎಂದೇ ಅಲ್ಲವೇ ನಾನು ಬಿಡಲು ಬಂದದ್ದು? ಮೊಬೈಲಿನ ಡೇಟಾ ಹಾಕಿಕೊಂಡು, ಮಾಳಿಗೆ ಹತ್ತಿ, ನೀರಿನ ಟಾಕಿಯ ಪಕ್ಕ ಸಿಗ್ನಲ್ಲಿಗಾಗಿ ಒಂದು ಕಾಲಿನ ಮೇಲೆ ನಿಂತು ಅರ್ಜಿ ಒತ್ತಿದೆ. ಆಗ ಹೊರಬಿತ್ತು ನೋಡಿ, ನಾನು ಬೆರಳಿನಿಂದ ಗೀಚಿದ ಕರಾರಿನ ನಿಜರೂಪ. ಮೂವತ್ತೆಂಟು ಪುಟ. ಹನ್ನೆರಡು ತಿಂಗಳೊಳಗೆ ಬಿಟ್ಟರೆ, ಮನ್ನಾ ಮಾಡಿದ್ದ ಜೋಡಣೆಯ ಖರ್ಚು 1,500 ಮತ್ತೆ ಜೀವ ತಾಳುತ್ತದೆ. ಪುಕ್ಕಟೆ ರೌಟರಿಗೆ 2,000. ಎರಡಕ್ಕೂ ಸೇರಿ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 4,130. ಮುಂಗಡ ಕಟ್ಟಿದ್ದು ವಾಪಸ್ ಇಲ್ಲ.

ಕೂಡಿ ಕಳೆದು ನೋಡಿದೆ. ಆರು ತಿಂಗಳಿಗೆ ಮೊದಲು ಕಟ್ಟಿದ್ದು, ತೆರಿಗೆ ಸೇರಿ, 3,532 ರೂಪಾಯಿ 92 ಪೈಸೆ. ಅದಂತೂ ಹೋಯಿತು. ಹನ್ನೆರಡು ತಿಂಗಳು ತುಂಬಿಸಲು ಇನ್ನೊಂದು ಸಲ ಅಷ್ಟೇ ಕಟ್ಟಬೇಕು. ಬಿಟ್ಟರೆ 4,130. ಅಂದರೆ ಈ ಇಂಟರ್‌ನೆಟ್ಟನ್ನು ಇಟ್ಟುಕೊಳ್ಳುವುದಕ್ಕಿಂತ ಬಿಡುವುದಕ್ಕೆ 597 ರೂಪಾಯಿ 8 ಪೈಸೆ ಹೆಚ್ಚು ಬೀಳುತ್ತದೆ. ನಮ್ಮಾಕಿಗೆ ಲೆಕ್ಕ ತೋರಿಸಿದೆ. ಆಕೆ ಹಿಟ್ಟಿನ ಕೈಯಲ್ಲೇ ಚೀಟಿ ಹಿಡಿದು ನೋಡಿ, "ಎಂಟ್ ಪೈಸೆ ಯಾಕಂತ?" ಎಂದು ಕೇಳಿ ರೊಟ್ಟಿ ತಟ್ಟಲು ಹೋದಳು.

ಕಠಿಣ ಷರತ್ತು ನಮ್ಮ ಸೀಮೆಗೆ ಹೊಸದೇನಲ್ಲ. ಇಲ್ಲಿಯ ಗುಡಿಗಳ ದಾನಶಾಸನಗಳನ್ನು ನೋಡಿ. ಇಂತಿಷ್ಟು ಮತ್ತರು ಗದ್ದೆ, ಇಂಥ ದೇವರಿಗೆ, ಇಂತಿಂಥ ಎಲ್ಲೆ ಎಂದು ಬರೆದು ಕೊನೆಗೆ ಶಾಪ ಹಾಕುತ್ತಾರೆ. ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಆಕಳು ಕೊಂದ ಪಾಪ. ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳವಾಗಿ ಹುಟ್ಟು. ಹನ್ನೆರಡು ತಿಂಗಳೆಲ್ಲಿ, ಅರವತ್ತು ಸಾವಿರ ವರ್ಷವೆಲ್ಲಿ! ಆದರೂ ನನ್ನ ಮತ ಶಾಸನದ ಕಡೆಗೇ. ಆ ಶಾಪವನ್ನು ಆಳೆತ್ತರದ ಕಲ್ಲಿನಲ್ಲಿ, ಬೆರಳಿಟ್ಟು ಓದುವಂಥ ಅಕ್ಷರದಲ್ಲಿ ಕೆತ್ತಿ ಗುಡಿಯಲ್ಲಿ ನಿಲ್ಲಿಸುತ್ತಿದ್ದರು. ಹುಳವಾಗುವವನಿಗೆ ತಾನು ಹುಳವಾಗುತ್ತೇನೆಂದು ಮೊದಲೇ ತಿಳಿದಿರುತ್ತಿತ್ತು.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಹಿರೇಕೆರೂರಿನ ಕಡೆ ಅಬಲೂರಿಗೆ ಹೋಗಬೇಕು. ಸೋಮೇಶ್ವರ ಗುಡಿಯ ಶಾಸನದಲ್ಲಿ ಏಕಾಂತದ ರಾಮಯ್ಯನ ಪಂಥದ ಕತೆ ಇದೆ. ತಲೆ ಅರಿದುಕೊಂಡು ಮತ್ತೆ ಪಡೆಯುತ್ತೇನೆಂದು ಅವನ ಮಾತು, ಹಾಗಾದರೆ ಇಂಥದ್ದನ್ನು ಒಪ್ಪುತ್ತೇವೆಂದು ಎದುರಿನವರ ಮಾತು. ಎದುರಿನವರಿಂದ ಓಲೆಯ ಮೇಲೆ ಬರೆಸಿಕೊಂಡದ್ದೂ ಆಯಿತು. ಅವನು ತಲೆ ಕೊಟ್ಟು ಪಡೆದ ಮೇಲೂ ಅವರು ಒಪ್ಪಿದ್ದಕ್ಕೆ ನಿಲ್ಲಲಿಲ್ಲವಾಗಿ ವ್ಯಾಜ್ಯ ಬಿಜ್ಜಳನವರೆಗೆ ಹೋಗಿ ರಾಮಯ್ಯನಿಗೆ ಜಯಪತ್ರ ಸಿಕ್ಕಿತೆಂದು ಶಾಸನ ಹೇಳುತ್ತದೆ. ಪವಾಡದ ಮಾತು ದೊಡ್ಡವರಿಗೆ ಬಿಡೋಣ. ಪತ್ರ ಬರಹಗಾರನಾಗಿ ನನ್ನ ಕಣ್ಣಿಗೆ ಬೀಳುವುದು ಓಲೆ. ತಲೆ ಪಣಕ್ಕಿಟ್ಟವನೂ ಮೊದಲು ಬರೆಸಿಕೊಂಡ. ಬರೆದುಕೊಟ್ಟವರು ಎದುರಿಗೇ ನಿಂತಿದ್ದರು. ದೂರು ಕೇಳಲು ಒಬ್ಬ ರಾಜ ಕೂತಿದ್ದ. ನನ್ನ ಕರಾರಿನಲ್ಲಿ ಬರೆದುಕೊಟ್ಟವನು ನಾನು, ಸಂಶಯವಿಲ್ಲ. ಬರೆಯಿಸಿಕೊಂಡವನು ಯಾರು? ಅವನ ಓಣಿ ಯಾವುದು? ಅವನ ಮನೆಯ ಕಟ್ಟೆಯ ಮೇಲೆ ಹೋಗಿ ಕೂತು ಎರಡು ಮಾತು ಬಯ್ದು ಬರಬೇಕೆಂದರೆ ಯಾವ ಬಸ್ಸು ಹತ್ತಬೇಕು? ಮೂವತ್ತೆಂಟು ಪುಟದಲ್ಲಿ ಇದೊಂದು ಇಲ್ಲ.

ಅಕ್ಕನ ಮಗನೊಬ್ಬ ಹಾವೇರಿಯಲ್ಲಿ ವಕೀಲ. ಫೋನು ಮಾಡಿದೆ. ಅವನಿಗೆ ಉತ್ಸಾಹವೋ ಉತ್ಸಾಹ. "ಮಾವ, ನಿಮ್ಮ ಕೇಸು ಭಾಳ ಚಲೋ ಐತಿ" ಅಂದ. ರೋಗಿಗೆ ಡಾಕ್ಟರು ನಿನ್ನ ರೋಗ ಭಾಳ ಚಲೋ ಐತಿ ಅಂದ ಹಾಗೆ ಕೇಳಿಸಿತು. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ದಂಡ ಎಷ್ಟೇ ಬರೆದುಕೊಂಡಿರಲಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದದ್ದು ಅದರ ಮೇಲಿನ ಮಿತಿ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ, ಆದ ನಷ್ಟಕ್ಕೆ ತಾಳಮೇಳವಿಲ್ಲದ ದಂಡ ಹಾಕುವ ಕರಾರಿಗೆ ಅನ್ಯಾಯದ ಕರಾರು ಎಂದೇ ಹೆಸರಿದೆ. ಟೆಲಿಫೋನಿನ ತಕರಾರು ಗ್ರಾಹಕರ ಕಟ್ಟೆಗೆ ಬರುವಂತಿಲ್ಲ ಎಂದು 2009ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು, 2022ರಲ್ಲಿ ಅದೇ ಕೋರ್ಟು ಬರಬಹುದು ಅಂದಿದೆ. ಐದು ಲಕ್ಷದವರೆಗೆ ದೂರಿಗೆ ಫೀಯೂ ಇಲ್ಲ. ಇಲ್ಲಿಯೂ ಒಂದು ವರೆಗೆ ಬಂತು, ಆದರೆ ಇದು ನಮ್ಮ ಕಡೆಯ ವರೆಗೆ.

"ಹಂಗಾರ ಹಾವೇರ್ಯಾಗ ಹಾಕಿಬಿಡು" ಅಂದೆ.

"ಸೇವಾ ಚಲೋ ಇಲ್ಲ ಅನ್ನೂದಾದ್ರ ಜಿಲ್ಲಾ ಆಯೋಗಕ್ಕ ಹಾಕಬಹುದು ಮಾವ. ಕರಾರೇ ಅನ್ಯಾಯದ್ದು ಅನ್ನೂದಾದ್ರ ರಾಜ್ಯ ಆಯೋಗಕ್ಕ ಹೋಗಬೇಕು."

"4,130ಕ್ಕ?"

"ಕಾಯ್ದೆ ಹಂಗ ಐತ್ರಿ. ಚಿಂತಿ ಮಾಡಬ್ಯಾಡ್ರಿ, ಈಗ ಎಲ್ಲಾ ಆನ್‌ಲೈನ್. ಮನ್ಯಾಗ ಕುಂತs ನೆಟ್‌ನ್ಯಾಗ ದೂರು ಹಾಕಬಹುದು."

ನಾನು ಏನೂ ಅನ್ನಲಿಲ್ಲ. ಅವನಿಗೂ ಒಂದು ಗಳಿಗೆ ಬಿಟ್ಟು ಹೊಳೆಯಿತು, ನಗತೊಡಗಿದ. ನಾನು ಫೋನು ಇಟ್ಟೆ.

ಸಹಾಯವಾಣಿ 1915ಕ್ಕೆ ಮಾತ್ರ ಮಾಡಿದೆ. ಅಲ್ಲಿ ಸಮಾಧಾನದಿಂದ ಕೇಳಿ ಬರೆದುಕೊಂಡರು, ಒಂದು ನಂಬರೂ ಕೊಟ್ಟರು. ಇಷ್ಟು ದಿನದಲ್ಲಿ ನನ್ನ ಪುರಾಣವನ್ನು ರೀಸ್ಟಾರ್ಟ್ ಮಾಡಿಸದೆ ಪೂರ್ತಿ ಕೇಳಿದವರು ಅವರೊಬ್ಬರೇ. ಅದರಿಂದಲೋ ಏನೋ, ಕಂಪನಿಯ ಕಡೆಯಿಂದ ಹೊಸ ಸಂದೇಶ ಬಂತು: ನಮ್ಮ ಪ್ರತಿನಿಧಿ ನಿಮ್ಮನ್ನು ಖುದ್ದಾಗಿ ಭೇಟಿಯಾಗುತ್ತಾರೆ. ಅಂತೂ ಬರೆಯಿಸಿಕೊಂಡವನ ಮುಖ ಕಾಣುವ ಕಾಲ ಬಂತೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೂವತ್ತೆಂಟು ಪುಟ ಪ್ರಿಂಟು ತೆಗೆಸಿ, ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಕಾದೆ.

ಬಂದವನು ಏಣಿ ಹುಡುಗ.

"ನೀನs ಏನ್ ಪ್ರತಿನಿಧಿ?"

"ಹೌದ್ರಿ ಕಾಕಾ. ನಾನs ಎಲ್ಲಾ." ಏಣಿ ಇಳಿಸಿ ಕಟ್ಟೆಯ ಮೇಲೆ ಕೂತ. ಮುಖ ಬಾಡಿತ್ತು. ನಾನು ಗೀಟು ಹಾಕಿದ ಪುಟ ತೆರೆಯುವ ಮೊದಲೇ ಅವನೇ ಬ್ಯಾಗಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. "ಕಾಕಾ, ನಿಮ್ಮದು ಆಮ್ಯಾಲ ನೋಡೂಣು. ಮೊದಲ ನಂದೊಂದ್ ಓದಿ ಹೇಳ್ರಿ."

ಬಾಂಡು. ಅವನು ಕಂಪನಿಯ ನೌಕರನಲ್ಲ, ಕಂಪನಿಯಿಂದ ಗುತ್ತಿಗೆ ಹಿಡಿದವನ ಕೈಕೆಳಗಿನವನು. ರಾಣೇಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಇದಕ್ಕಿಂತ ಚಲೋ ಕೆಲಸ ಸಿಕ್ಕಿದೆ. ಹೋಗಬೇಕೆಂದರೆ ಎರಡು ವರ್ಷದೊಳಗೆ ಬಿಟ್ಟರೆ ಹದಿನೈದು ಸಾವಿರ ಕಟ್ಟಬೇಕೆಂದು ಗುತ್ತಿಗೆದಾರ ಹೇಳುತ್ತಿದ್ದಾನೆ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಅವನ ಕಪಾಟಿನಲ್ಲಿದೆ.

"ಓದಿ ಸಹಿ ಮಾಡಿದ್ಯಾ?"

"ಇಲ್ರಿ ಕಾಕಾ. ಮೊಬೈಲ್ ಹಿಡದ್ರು, ಬಟ್ಟಿಲೆ ಎಳದೆ. ಕಾಗದ ಈಗ ಕೊಟ್ಟಾರ."

ನಾನು ಒಳಗೆ ಹೋಗಿ ಕನ್ನಡಕ ತಂದೆ. ನನ್ನ ಕೆಂಪು ಗೀಟಿನ ಕಟ್ಟು ಕಟ್ಟೆಯ ಮೇಲೆ ಹಾಗೇ ಉಳಿಯಿತು. ಗಾಳಿಗೆ ಹಾರದಿರಲಿ ಎಂದು ನಮ್ಮವ್ವ ಅದರ ಮೇಲೆ ಅಡಕೊತ್ತು ಇಟ್ಟಳು.

"ಓದಾಕ ಎಷ್ಟ್ ಕೊಡಬೇಕ್ರಿ?" ಹುಡುಗ ಕಿಸೆ ಮುಟ್ಟಿಕೊಂಡು ಕೇಳಿದ.

"ರೊಕ್ಕ ಬ್ಯಾಡ. ಕೆಂಪ್ ದೀಪ ನಿನ್ನೆಯಿಂದ ಮತ್ತ ಹತ್ತೇತಿ. ನೀ ಕಂಬ ಹತ್ತು, ನಾ ಇಲ್ಲಿಂದ ಓದ್ತೀನಿ."

ಹತ್ತಿದ. ನಾನು ಕಂಬದ ಬುಡದಲ್ಲಿ ನಿಂತು ಮೊದಲಿನಿಂದ, ಕಲಂ ಬಿಡದಂತೆ, ಇಂಗ್ಲಿಷನ್ನು ಕನ್ನಡ ಮಾಡುತ್ತ ಗಟ್ಟಿಯಾಗಿ ಓದತೊಡಗಿದೆ. ಕಸ ಚೆಲ್ಲಲು ಬಂದ ಎದುರು ಮನೆಯಾಕೆ ನಿಂತಳು, ಹಾಲು ಹಾಕುವವನು ಸೈಕಲ್ಲು ಇಳಿದ. ಮೇಲಿನಿಂದ ಹುಡುಗ ಒಂದೊಂದು ಕಲಮಿಗೂ "ಹ್ಞೂಂ" ಅನ್ನುತ್ತಿದ್ದ. ಏಳನೇ ಕಲಂ ದಂಡದ್ದು. ಅಲ್ಲಿಗೆ ಬಂದಾಗ ಸೊಪ್ಪೆ ಹೇರಿಕೊಂಡ ಟ್ರ್ಯಾಕ್ಟರೊಂದು ಓಣಿಗೆ ತಿರುಗಿತು.

"ಕಾಕಾ," ಹುಡುಗ ಎರಡೂ ಕೈಯಲ್ಲಿ ಕೇಬಲ್ಲು ಎತ್ತಿ ಹಿಡಿದು ಮೇಲಿನಿಂದ ಕೂಗಿದ, "ಇನ್ನೊಮ್ಮಿ ಹೇಳ್ರಿ, ಇಲ್ಲಿಗೆ ಬರವಲ್ದು!"